ಎಲ್ಫೋ, ಓರ್ಕೋ, ಮನುಷ್ಯನೋ: ಪಾತ್ರದ ಕುಲ ಆರಿಸುವಾಗ ನಾವು ಆರಿಸುವುದೇನನ್ನು?

ಕಲ್ಪಿತ ಲೋಕದ ಒಂದು ಪಾತ್ರವಾಗಿ ಕಥೆ ಕಟ್ಟುತ್ತ ಆಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಕ್ಕೆ ಹೊಸದಾಗಿ ಕೂತವರಿಗೆ ಬಹುಪಾಲು ಎದುರಾಗುವ ಮೊದಲ ಪ್ರಶ್ನೆ ಇದು: ನಿಮ್ಮ ಪಾತ್ರ ದೀರ್ಘಾಯುಷಿ ಎಲ್ಫೋ, ಗಿಡ್ಡ ದೇಹದ ಗಟ್ಟಿಗ ಡ್ವಾರ್ಫೋ, ಒರಟು ಬಲದ ಓರ್ಕೋ, ಮನುಷ್ಯನೋ? ಯಾವ ದಾಳವನ್ನು ಯಾವಾಗ ಎಸೆಯಬೇಕೆಂದು ಇನ್ನೂ ತಿಳಿದಿರುವುದಿಲ್ಲ. ಆ ಲೋಕದಲ್ಲಿ ಯಾರಿಗೆ ಯಾರು ಹಗೆ ಎಂಬುದೂ ಗೊತ್ತಿರುವುದಿಲ್ಲ. ಆದರೂ ಉತ್ತರ ಕೊಡಲೇಬೇಕು. ಮುಂದೆ ಕತ್ತಿ ಬದಲಾಗುತ್ತದೆ, ಕವಚ ಬದಲಾಗುತ್ತದೆ, ಎಷ್ಟೋ ಆಟಗಳಲ್ಲಿ ಯೋಧನಾಗಿದ್ದವನು ನಡುದಾರಿಯಲ್ಲಿ ಮಂತ್ರವಿದ್ಯೆಯನ್ನೂ ಕಲಿಯುತ್ತಾನೆ. ಕುಲ ಮಾತ್ರ ಸಾಮಾನ್ಯವಾಗಿ ಕೊನೆಯವರೆಗೂ ಜೊತೆಗಿರುತ್ತದೆ. ಏನೂ ತಿಳಿಯದ ಹೊತ್ತಿನಲ್ಲಿ ತೆಗೆದುಕೊಂಡ ನಿರ್ಧಾರವೇ ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯುವುದರಿಂದ, ಅದರ ಒಳಗೇನಿದೆ ಎಂದು ಬಿಡಿಸಿ ನೋಡುವುದು ಅಗತ್ಯವೆಂದು ನನಗನ್ನಿಸುತ್ತದೆ.

ಮೊದಲು ಪದದ ಬಗ್ಗೆ ಒಂದು ಮಾತು. ಆಡುವವರು ಇದನ್ನು ‘ರೇಸ್’ ಎನ್ನುತ್ತಾರೆ. ನಾನಿಲ್ಲಿ ‘ಕುಲ’ ಎನ್ನುತ್ತೇನೆ. ಯಕ್ಷರು, ಗಂಧರ್ವರು, ನಾಗರು, ಕಿನ್ನರರು ಎಂದು ಪುರಾಣದ ಕಥೆಗಳಲ್ಲಿ ನಾವು ಕೇಳಿರುವ ವ್ಯತ್ಯಾಸಕ್ಕೆ ಇದು ಹತ್ತಿರ. ಅಲ್ಲಿ ದೇಹವೇ ಬೇರೆ, ಆಯಸ್ಸೇ ಬೇರೆ, ಹುಟ್ಟಿನಿಂದ ಬಂದ ಶಕ್ತಿಯೇ ಬೇರೆ. ಇದರ ಜೊತೆಗೆ ‘ಕ್ಲಾಸ್’ ಎಂಬ ಇನ್ನೊಂದು ಆಯ್ಕೆ ಬರುತ್ತದೆ: ಯೋಧ, ಮಾಂತ್ರಿಕ, ಕಳ್ಳ, ಪುರೋಹಿತ. ಕ್ಲಾಸ್ ಎಂದರೆ ಪಾತ್ರ ಕಲಿತದ್ದು, ಕುಲ ಎಂದರೆ ಪಾತ್ರ ಹುಟ್ಟಿ ಬಂದದ್ದು. ಇವೆರಡನ್ನೂ ಬೇರೆ ಬೇರೆ ಹಿಡಿದುಕೊಂಡರೆ ಮುಂದಿನದು ಸುಲಭ.

ಈ ಬೇರ್ಪಡಿಕೆ ಮೊದಲಿನಿಂದಲೂ ಸ್ಪಷ್ಟವಾಗಿರಲಿಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದಾಗ ಅದರಲ್ಲಿ ಮನುಷ್ಯರ ಜೊತೆ ಎಲ್ಫ್, ಡ್ವಾರ್ಫ್ ಮತ್ತು ಪುಟ್ಟ ದೇಹದ ಹಾಬಿಟ್‌ಗಳಿದ್ದರು. ಹಾಬಿಟ್ ಎಂಬ ಹೆಸರಿನ ಹಕ್ಕುದಾರರು ಆಕ್ಷೇಪಿಸಿದ ಮೇಲೆ ಅವರು ‘ಹಾಫ್ಲಿಂಗ್’ಗಳಾದರು. ಮನುಷ್ಯರಲ್ಲದವರಿಗೆ ಕತ್ತಲಲ್ಲಿ ಕಾಣುವುದು, ಬಚ್ಚಿಟ್ಟ ಬಾಗಿಲುಗಳನ್ನು ಗುರುತಿಸುವುದು ಮುಂತಾದ ಹೆಚ್ಚಿನ ಶಕ್ತಿಗಳಿದ್ದವು. ಹಾಗಿದ್ದರೆ ಮನುಷ್ಯನಾಗಿ ಆಡುವವರು ಯಾರು? ಅಂದಿನ ಉತ್ತರ, ಅನುಭವ ಗಳಿಸಿದಂತೆ ಪಾತ್ರ ಏರುವ ಮಟ್ಟಗಳಿಗೆ ಮಿತಿ ಹೇರುವುದು. ಡ್ವಾರ್ಫ್ ಯೋಧ 6ನೇ ಮಟ್ಟಕ್ಕಿಂತ, ಹಾಬಿಟ್ 4ನೇ ಮಟ್ಟಕ್ಕಿಂತ ಮೇಲೇರುವಂತಿರಲಿಲ್ಲ. ಮನುಷ್ಯನಿಗೆ ಅಂಥ ತಡೆಯಿರಲಿಲ್ಲ.

ಕಾಗದದ ಮೇಲೆ ಇದು ನ್ಯಾಯವಾಗಿ ಕಾಣುತ್ತದೆ. ಆದರೆ ಎಲ್ಫ್ ತನ್ನ ಲಾಭವನ್ನು ಮೊದಲ ದಿನದಿಂದಲೇ ಉಣ್ಣುತ್ತದೆ, ಬೆಲೆ ತೆರಬೇಕಾದದ್ದು ಎಷ್ಟೋ ತಿಂಗಳ ನಂತರ. ಅಷ್ಟರೊಳಗೆ ಆಟ ನಿಂತುಹೋದರೆ ಬೆಲೆ ತೆರುವ ಪ್ರಶ್ನೆಯೇ ಇಲ್ಲ. ಆಟ ಮುಂದುವರಿದರೆ ಒಬ್ಬ ಗೆಳೆಯ ಬೆಳೆಯುವುದನ್ನು ನಿಲ್ಲಿಸಿ ಉಳಿದವರನ್ನು ನೋಡುತ್ತ ಕೂರಬೇಕು. ಎರಡೂ ಕಡೆಯಿಂದ ಸೋಲು. ಹೊಸಬರಿಗಾಗಿ ಬಂದ 1981ರ ಆವೃತ್ತಿಯಲ್ಲಂತೂ ಡ್ವಾರ್ಫ್, ಎಲ್ಫ್, ಹಾಫ್ಲಿಂಗ್ ಎಂಬುವೇ ಕ್ಲಾಸ್‌ಗಳಾಗಿದ್ದವು. ಮನುಷ್ಯನಾದರೆ ಯೋಧನೋ ಕಳ್ಳನೋ ಆಗಬಹುದಿತ್ತು, ಡ್ವಾರ್ಫ್ ಆದರೆ ಡ್ವಾರ್ಫ್ ಅಷ್ಟೇ. 2000ರಲ್ಲಿ ಬಂದ ಮೂರನೆಯ ಆವೃತ್ತಿ ಮಟ್ಟದ ಮಿತಿಗಳನ್ನು ತೆಗೆದುಹಾಕಿತು. ಉಳಿದವರನ್ನು ಕಟ್ಟಿಹಾಕುವ ಬದಲು ಮನುಷ್ಯನಿಗೆ ಒಂದು ಹೆಚ್ಚುವರಿ ವಿಶೇಷ ಕೌಶಲವನ್ನೂ ಕಲಿಕೆಯ ಹೆಚ್ಚುವರಿ ಅಂಕಗಳನ್ನೂ ಕೊಟ್ಟಿತು. ಆ ಒಂದು ತಿದ್ದುಪಡಿಯನ್ನು ನಾನು ಈ ಆಟಗಳ ಚರಿತ್ರೆಯ ಜಾಣ ನಿರ್ಧಾರಗಳಲ್ಲಿ ಒಂದೆಂದು ಎಣಿಸುತ್ತೇನೆ.

ಇನ್ನು ಆಯ್ಕೆಯ ವಿಚಾರ. ಹೊಸಬರ ಕಣ್ಣು ಮೊದಲು ಹೋಗುವುದು ಅಂಕಗಳ ಮೇಲೆ. ‘ಡ್ವಾರ್ಫ್‌ಗೆ ದೇಹದಾರ್ಢ್ಯದಲ್ಲಿ ಎರಡು ಅಂಕ ಹೆಚ್ಚು, ಎಲ್ಫ್‌ಗೆ ಚುರುಕುತನದಲ್ಲಿ ಎರಡು ಅಂಕ ಹೆಚ್ಚು’ ಎಂದು ಪುಸ್ತಕದಲ್ಲಿದ್ದರೆ, ಯೋಧನಿಗೆ ಡ್ವಾರ್ಫ್, ಬಿಲ್ಲುಗಾರನಿಗೆ ಎಲ್ಫ್ ಎಂದು ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಆ ಎರಡು ಅಂಕಗಳು ನಿಜವಾಗಿ ಎಷ್ಟು ತೂಗುತ್ತವೆ ಎಂದು ಲೆಕ್ಕ ಹಾಕಿ ನೋಡಿ. ಸಾಮರ್ಥ್ಯದ ಅಂಕದಲ್ಲಿ ಎರಡು ಹೆಚ್ಚಿದರೆ ದಾಳಕ್ಕೆ ಕೂಡಿಸುವ ಅಂಕ ಒಂದು ಹೆಚ್ಚುತ್ತದೆ. ದಾಳಕ್ಕೆ ಇಪ್ಪತ್ತು ಮುಖ, ಮೊತ್ತ ಬೇಕಾದ ಸಂಖ್ಯೆಯನ್ನು ಮುಟ್ಟಿದರೆ ಗೆಲುವು. ಅಂದರೆ ಇಪ್ಪತ್ತು ಸಲ ಎಸೆದರೆ ಸರಾಸರಿ ಒಂದು ಸಲ ಮಾತ್ರ ಆ ಹೆಚ್ಚುವರಿ ಅಂಕ ಸೋಲನ್ನು ಗೆಲುವಾಗಿಸುತ್ತದೆ. ಉಳಿದ ಹತ್ತೊಂಬತ್ತು ಸಲ ಅದು ಇದ್ದರೂ ಇಲ್ಲದಿದ್ದರೂ ಫಲ ಒಂದೇ. ನೂರಕ್ಕೆ 60 ಸಲ ತಗಲುತ್ತಿದ್ದ ಏಟು 65 ಸಲ ತಗಲುತ್ತದೆ. ಒಂದು ಸಂಜೆಯ ಆಟದಲ್ಲಿ ಹತ್ತು ಸಲ ದಾಳ ಎಸೆದರೆ, ಆ ಅಂಕ ಒಮ್ಮೆಯಾದರೂ ಉಪಯೋಗಕ್ಕೆ ಬರುವ ಸಾಧ್ಯತೆ ನೂರಕ್ಕೆ 40ರಷ್ಟು.

ಇದನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಪ್ರತಿ ಸುತ್ತಿನಲ್ಲೂ ಮೂರು ನಾಲ್ಕು ಬಾರಿ ಕತ್ತಿ ಬೀಸುವ ಯೋಧನಿಗೆ ಈ ಸಣ್ಣ ಲಾಭ ತಿಂಗಳುಗಟ್ಟಲೆ ಕೂಡುತ್ತ ಹೋಗುತ್ತದೆ. ‘ಪಾತ್‌ಫೈಂಡರ್’ನ 2019ರ ಎರಡನೆಯ ಆವೃತ್ತಿಯಂಥ ಆಟದಲ್ಲಿ, ಬೇಕಾದ ಸಂಖ್ಯೆಗಿಂತ ಹತ್ತು ಹೆಚ್ಚು ಬಂದರೆ ಏಟು ಇಮ್ಮಡಿಯಾಗುವುದರಿಂದ ಅಲ್ಲಿ ಒಂದೊಂದು ಅಂಕದ ಬೆಲೆಯೂ ಹೆಚ್ಚು. ಆದರೂ ಎದ್ದು ಕಾಣುವಷ್ಟು ದೊಡ್ಡದಾಗಿ ಬರೆದಿರುವ ಈ ಅಂಕಗಳು ಕುಲದ ಆಯ್ಕೆಯಲ್ಲಿ ಅತ್ಯಂತ ಹಗುರವಾದ ಭಾಗ ಎಂಬುದು ನನ್ನ ಖಚಿತ ಅಭಿಪ್ರಾಯ.

ತೂಕವಿರುವುದು ಕೆಳಗೆ ಸಣ್ಣ ಅಕ್ಷರದಲ್ಲಿರುವ ಗುಣಗಳಲ್ಲಿ. ನಾನು ಮೊದಲ ಬಾರಿ ಹಾಫ್ಲಿಂಗ್ ಆಡಿದಾಗ ಅದಕ್ಕೆ ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿ ಕೊಟ್ಟಿದ್ದೆ. ಪುಟ್ಟ ದೇಹ, ಅದಕ್ಕಿಂತ ಎತ್ತರದ ಕತ್ತಿ. ಆ ಚಿತ್ರವೇ ಮನಸ್ಸನ್ನು ತುಂಬಿತ್ತು. ನಾವು ಆಡುತ್ತಿದ್ದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ನಿಯಮಗಳಲ್ಲಿ ಸಣ್ಣ ದೇಹದವರು ಭಾರದ ಆಯುಧ ಹಿಡಿದರೆ ಎರಡು ದಾಳ ಎಸೆದು ಕಡಿಮೆ ಬಂದದ್ದನ್ನೇ ಒಪ್ಪಿಕೊಳ್ಳಬೇಕು. ನೂರಕ್ಕೆ 60 ಸಲ ತಗಲಬೇಕಾದ ಏಟು ಇದರಿಂದ 36ಕ್ಕೆ ಇಳಿಯುತ್ತದೆ. ಅಂಕ ಕೊಡುವ ಲಾಭ ಐದಾದರೆ, ಒಂದೇ ಸಾಲಿನ ಈ ನಿಯಮ ಕಿತ್ತುಕೊಳ್ಳುವುದು ಇಪ್ಪತ್ನಾಲ್ಕು. ಆ ಸಾಲನ್ನು ನಾನು ಓದಿರಲಿಲ್ಲ. ಮೂರು ವಾರ ಕಷ್ಟಪಟ್ಟ ಮೇಲೆ ಕತ್ತಿಯನ್ನು ಕೆಳಗಿಟ್ಟು ಕವಣೆ ಹಿಡಿದೆ. ಅಲ್ಲಿಂದ ಆ ಪಾತ್ರ ನಿಜವಾಗಿ ಹಾಫ್ಲಿಂಗ್ ಆಯಿತು.

ಕತ್ತಲಲ್ಲಿ ಕಾಣುವ ಗುಣವನ್ನು ನೋಡಿ. 2014ರ ಆಟಗಾರರ ಕೈಪಿಡಿಯಲ್ಲಿದ್ದ ಒಂಬತ್ತು ಕುಲಗಳಲ್ಲಿ ಆರಕ್ಕೆ ಇದು ಇತ್ತು. ಮನುಷ್ಯ, ಹಾಫ್ಲಿಂಗ್ ಮತ್ತು ಡ್ರ್ಯಾಗನ್ ವಂಶದ ಡ್ರ್ಯಾಗನ್‌ಬಾರ್ನ್‌ಗೆ ಇರಲಿಲ್ಲ. ಗುಂಪಿನಲ್ಲಿ ನಾಲ್ವರಿದ್ದು ಮೂವರಿಗೆ ಈ ಗುಣವಿದ್ದರೆ, ನಾಲ್ಕನೆಯವರಿಗಾಗಿ ಪಂಜು ಹೊತ್ತಿಸಲೇಬೇಕು. ಪಂಜು ಹೊತ್ತಿಸಿದೊಡನೆ ಗುಹೆಯ ಆಚೆ ತುದಿಯಲ್ಲಿರುವವರಿಗೆ ಎಲ್ಲರೂ ಕಾಣುತ್ತಾರೆ. ಒಬ್ಬರ ಆಯ್ಕೆ ಹೀಗೆ ಇಡೀ ಗುಂಪಿನ ನಡೆಯನ್ನು ಬದಲಾಯಿಸುತ್ತದೆ. ಬಹಳ ಮಂದಿ ಮರೆಯುವ ಸಂಗತಿಯೊಂದಿದೆ: ಈ ಗುಣವಿದ್ದರೂ ಗಾಢ ಕತ್ತಲು ಮಬ್ಬು ಬೆಳಕಿನಂತೆ ಮಾತ್ರ ಕಾಣುತ್ತದೆ, ಬಣ್ಣ ತಿಳಿಯುವುದಿಲ್ಲ, ಅದೂ ಹೆಚ್ಚಿನ ಕುಲಗಳಿಗೆ 60 ಅಡಿಯವರೆಗೆ ಮಾತ್ರ. ನೆಲದ ಮೇಲೆ ಚೆಲ್ಲಿರುವುದು ನೀರೋ ರಕ್ತವೋ ಎಂದು ತಿಳಿಯಲು ಡ್ವಾರ್ಫ್‌ಗೂ ದೀಪ ಬೇಕು.

ಗುಣಗಳನ್ನು ಅಳೆಯುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ, ಆಟ ಮುಂದೆ ಹೋದಂತೆ ಇದು ಬೆಳೆಯುತ್ತದೆಯೋ ಕರಗುತ್ತದೆಯೋ ಎಂಬುದು. ಇದಕ್ಕೆ 2011ರ ‘ಸ್ಕೈರಿಮ್’ ವಿಡಿಯೊ ಗೇಮ್ ಒಳ್ಳೆಯ ಉದಾಹರಣೆ. ಅಲ್ಲಿ ಹತ್ತು ಕುಲಗಳಿವೆ. ಪ್ರತಿ ಕುಲಕ್ಕೂ ಕೆಲವು ಕೌಶಲಗಳಲ್ಲಿ ಆರಂಭದ ಮುನ್ನಡೆ ಸಿಗುತ್ತದೆ: ಒಂದರಲ್ಲಿ ಹತ್ತು ಅಂಕ, ಇನ್ನೂ ಕೆಲವುಗಳಲ್ಲಿ ಐದೈದು. ಆದರೆ ಬಳಸಿದಂತೆ ಕೌಶಲ ಬೆಳೆಯುವ ಆಟ ಅದು. ಮುನ್ನಡೆ ಇಲ್ಲದವರೂ ಕೆಲವು ಗಂಟೆಗಳಲ್ಲಿ ಅದೇ ಜಾಗಕ್ಕೆ ಬಂದು ಸೇರುತ್ತಾರೆ. ಬ್ರೆಟನ್ ಕುಲದವರಿಗೆ ಮಂತ್ರದ ಪೆಟ್ಟಿನಲ್ಲಿ ನೂರಕ್ಕೆ 25 ಭಾಗ ತಗಲದು. ನಾರ್ಡ್ ಕುಲದವರಿಗೆ ಹಿಮದ ಪೆಟ್ಟು ಅರ್ಧ ಮಾತ್ರ. ಇವು ಕರಗುವುದಿಲ್ಲ. ಶತ್ರುವಿನ ಪೆಟ್ಟು ಹತ್ತಿದ್ದಾಗ ಐದನ್ನು ಉಳಿಸಿದ ಗುಣ, ಪೆಟ್ಟು ನೂರಾದಾಗ ಐವತ್ತನ್ನು ಉಳಿಸುತ್ತದೆ. ಇದಕ್ಕೆ ತದ್ವಿರುದ್ಧ, 2014ರ ನಿಯಮಗಳ ಡ್ರ್ಯಾಗನ್‌ಬಾರ್ನ್ ಬಾಯಿಂದ ಉಗುಳುವ ಬೆಂಕಿ. ಮೊದಲ ಮಟ್ಟದಲ್ಲಿ ಅದು ಇಡೀ ಕೋಣೆಯನ್ನು ಗೆಲ್ಲಿಸುತ್ತದೆ. ಯೋಧ ಒಂದೇ ಸರದಿಯಲ್ಲಿ ಹಲವು ಏಟು ಹೊಡೆಯಲು ಕಲಿತ ಮೇಲೆ, ಆ ಸರದಿಯನ್ನು ಬೆಂಕಿಗೆ ಕೊಡುವುದೇ ನಷ್ಟವಾಗುತ್ತದೆ. ಹಾಫ್ಲಿಂಗ್‌ನ ಅದೃಷ್ಟಕ್ಕೆ ಈ ಕೊರತೆಯಿಲ್ಲ. ದಾಳದಲ್ಲಿ ಒಂದು ಬಿದ್ದರೆ ಮತ್ತೆ ಎಸೆಯಬಹುದು, ಹಾಗಾಗಿ ಇಪ್ಪತ್ತಕ್ಕೊಮ್ಮೆ ಬರುವ ವಿಪತ್ತು ನಾನೂರಕ್ಕೊಮ್ಮೆಯಾಗುತ್ತದೆ. ಅದು ಮೊದಲ ದಿನಕ್ಕೂ ಕೊನೆಯ ದಿನಕ್ಕೂ ಒಂದೇ.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ಅತ್ಯಂತ ಪ್ರಿಯವಾದ ಪದರ ಇನ್ನೂ ಬಂದಿಲ್ಲ. ಅದು ಹಾಳೆಯ ಮೇಲೆ ಇರುವುದೇ ಇಲ್ಲ. ಆ ಲೋಕದ ಜನ ನಿಮ್ಮ ಪಾತ್ರವನ್ನು ನೋಡಿದಾಗ ಏನು ಕಾಣುತ್ತಾರೆ ಎಂಬುದು ಆ ಪದರ.

2002ರ ವಿಡಿಯೊ ಗೇಮ್ ‘ಮಾರೋವಿಂಡ್’ ಇದನ್ನು ಧೈರ್ಯದಿಂದ ಮಾಡಿತು. ಅಲ್ಲಿ ಬೆಕ್ಕಿನಂಥ ಖಜೀಟ್ ಮತ್ತು ಹಲ್ಲಿಯಂಥ ಆರ್ಗೋನಿಯನ್ ಕುಲದವರು ಬೂಟು ತೊಡುವಂತಿಲ್ಲ, ಮುಖ ಮುಚ್ಚುವ ಶಿರಸ್ತ್ರಾಣ ಧರಿಸುವಂತಿಲ್ಲ. ದೇಹದ ಆಕಾರವೇ ಹಾಗೆ. ಅದಕ್ಕಿಂತ ಮುಖ್ಯವಾಗಿ, ಆ ನಾಡಿನಲ್ಲಿ ಗುಲಾಮಗಿರಿ ಇನ್ನೂ ಇದೆ, ಗುಲಾಮರಲ್ಲಿ ಬಹುಪಾಲು ಈ ಎರಡು ಕುಲದವರೇ. ಅದೇ ಕಥೆಯನ್ನು ಎಲ್ಫ್ ಆಗಿ ಆಡುವುದಕ್ಕೂ ಆರ್ಗೋನಿಯನ್ ಆಗಿ ಆಡುವುದಕ್ಕೂ ಇರುವ ಅಂತರವನ್ನು ಯಾವ ಅಂಕವೂ ಹೇಳಲಾರದು. 2009ರ ‘ಡ್ರ್ಯಾಗನ್ ಏಜ್: ಆರಿಜಿನ್ಸ್’ ಇನ್ನೊಂದು ದಾರಿ ಹಿಡಿಯಿತು. ಮನುಷ್ಯ, ಎಲ್ಫ್, ಡ್ವಾರ್ಫ್ ಎಂಬ ಮೂರೇ ಕುಲಗಳಿಗೆ ಒಟ್ಟು ಆರು ಆರಂಭದ ಕಥೆಗಳನ್ನು ಕೊಟ್ಟಿತು. ರಾಜಮನೆತನದ ಡ್ವಾರ್ಫ್ ಒಂದು ಬಾಗಿಲಿನಿಂದ, ಕುಲವಿದ್ದೂ ಮಾನವಿಲ್ಲದ ಕೇರಿಯ ಡ್ವಾರ್ಫ್ ಇನ್ನೊಂದು ಬಾಗಿಲಿನಿಂದ ಆಟಕ್ಕೆ ಬರುತ್ತಾರೆ. ಕುಲದೊಳಗೂ ಮೇಲು ಕೀಳುಗಳಿರುತ್ತವೆ ಎಂಬ ಸತ್ಯವನ್ನು ಆ ಆಟ ಮೊದಲ ಗಂಟೆಯಲ್ಲೇ ಅನುಭವಕ್ಕೆ ತಂದುಬಿಡುತ್ತದೆ. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಕುಟಿಲ ಕುಳ್ಳರಾದ ಗಾಬ್ಲಿನ್‌ಗಳ ಶಿಬಿರಕ್ಕೆ ಭೂಗರ್ಭದ ಎಲ್ಫ್‌ಗಳಾದ ಡ್ರೌ ಕುಲದ ಪಾತ್ರ ಹೋದರೆ ಸಿಗುವ ಮರ್ಯಾದೆಯೇ ಬೇರೆ, ಬೇರೆಯವರು ಮಾತಿನಿಂದಲೋ ಕತ್ತಿಯಿಂದಲೋ ದಾಟಬೇಕಾದ ಬಾಗಿಲು ಅವರಿಗೆ ತಾನಾಗಿ ತೆರೆಯುತ್ತದೆ.

ಬಹಳ ಜನ ಒಟ್ಟಿಗೆ ಆಡುವ ಆನ್‌ಲೈನ್ ಆಟಗಳಲ್ಲಿ ಈ ಪದರ ನಿಜ ಬದುಕಿನ ಗೆಳೆತನವನ್ನೂ ಮುಟ್ಟುತ್ತದೆ. 2004ರಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಶುರುವಾದಾಗ ಎಂಟು ಕುಲಗಳಿದ್ದವು, ನಾಲ್ಕು ಒಂದು ಬಣಕ್ಕೆ, ನಾಲ್ಕು ಇನ್ನೊಂದಕ್ಕೆ. ಗೆಳೆಯ ಓರ್ಕ್ ಆಗಿ, ನೀವು ಡ್ವಾರ್ಫ್ ಆಗಿ ಆಡಲು ಕೂತರೆ ಒಂದೇ ತಂಡದಲ್ಲಿ ಗುಹೆಗಿಳಿಯಲು ಸಾಧ್ಯವಿರಲಿಲ್ಲ. ಆ ಗೋಡೆ ಸಡಿಲವಾದದ್ದು 2022ರಲ್ಲಿ. ಇಂಥ ಆಟಕ್ಕೆ ಸೇರುವ ಮೊದಲು ಗೆಳೆಯರು ಯಾವ ಬಣದಲ್ಲಿದ್ದಾರೆಂದು ಕೇಳಿಕೊಳ್ಳುವುದು ಇಂದಿಗೂ ಒಳ್ಳೆಯದು.

ವಿಡಿಯೊ ಗೇಮಿನಲ್ಲಿ ಲೋಕದ ಪ್ರತಿಕ್ರಿಯೆಯನ್ನು ಮೊದಲೇ ಬರೆದಿಟ್ಟಿರುತ್ತಾರೆ. ಮೇಜಿನ ಸುತ್ತ ಕೂತು ಆಡುವ ಆಟದಲ್ಲಿ ಅದನ್ನು ಆ ಕ್ಷಣದಲ್ಲಿ ಹುಟ್ಟಿಸುವವರು ಆಟ ನಡೆಸುವ ಡಂಜನ್ ಮಾಸ್ಟರ್. ಆದ್ದರಿಂದ ಅಲ್ಲಿ ಕುಲವನ್ನು ಒಬ್ಬರೇ ಕೂತು ಆರಿಸಬಾರದು. ಕೊಂಬು, ಬಾಲಗಳಿರುವ ಟೀಫ್ಲಿಂಗ್ ಆಗುವ ಆಸೆ ನಿಮಗಿದೆ ಎಂದುಕೊಳ್ಳಿ. ಅನುಮಾನದ ಕಣ್ಣುಗಳ ನಡುವೆ ಬದುಕುವವಳ ಕಥೆ ಆಡಬೇಕೆಂಬುದು ನಿಮ್ಮ ಉದ್ದೇಶ. ಡಂಜನ್ ಮಾಸ್ಟರ್ ಕಟ್ಟಿರುವ ಊರಿನಲ್ಲಿ ಟೀಫ್ಲಿಂಗ್‌ಗಳು ಬೀದಿಗೆ ಹತ್ತು ಮಂದಿ ಇದ್ದರೆ ನಿಮ್ಮ ಕಥೆ ಅಲ್ಲಿ ಬೇರು ಬಿಡುವುದೇ ಇಲ್ಲ. ಇದರ ವಿರುದ್ಧದ ಅಪಾಯವೂ ಇದೆ. ಕೇವಲ ಕೊಂಬುಗಳು ಚೆಂದವೆಂದು ಆರಿಸಿಕೊಂಡವರಿಗೆ ಪ್ರತಿ ಊರಿನಲ್ಲೂ ಅವಮಾನವೇ ಎದುರಾದರೆ ಮೂರನೆಯ ವಾರಕ್ಕೆ ಆಟ ಬೇಸರವಾಗುತ್ತದೆ. ಹಗೆತನವನ್ನು ಆಟದಲ್ಲಿ ಎಷ್ಟು ತರಬೇಕು ಎಂಬುದನ್ನು ಮೇಜಿನಲ್ಲಿರುವ ಎಲ್ಲರೂ ಮೊದಲೇ ಮಾತಾಡಿಕೊಳ್ಳಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ನಿಜ ಬದುಕಿನಲ್ಲಿ ಅದನ್ನು ಉಂಡವರು ಅದೇ ಮೇಜಿನಲ್ಲಿ ಕೂತಿರಬಹುದು. ರೆಕ್ಕೆಯಿರುವ ಕುಲಗಳ ಬಗ್ಗೆಯೂ ಮೊದಲೇ ಕೇಳುವುದು ಮೇಲು. ಮೊದಲ ಮಟ್ಟದಲ್ಲೇ ಹಾರಬಲ್ಲ ಪಾತ್ರಕ್ಕೆ ಕಂದಕವೂ ಕೋಟೆಗೋಡೆಯೂ ಅಡ್ಡಿಯಲ್ಲವಾದ್ದರಿಂದ ಅನೇಕರು ಅವನ್ನು ಒಪ್ಪುವುದಿಲ್ಲ.

ಇದೇ ಹಿನ್ನೆಲೆಯಲ್ಲಿ ಹೆಸರೂ ನಿಯಮವೂ ಬದಲಾಗಿವೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೆಯ ಆವೃತ್ತಿಯಲ್ಲಿ ಅರೆ ಓರ್ಕ್ ಆಗಿ ಹುಟ್ಟಿದರೆ ಬಲ ಹೆಚ್ಚುತ್ತಿತ್ತು, ಬುದ್ಧಿ ಎರಡಂಕ ಕಡಿಮೆಯಾಗುತ್ತಿತ್ತು. ಒಂದಿಡೀ ಜನ ಹುಟ್ಟಿನಿಂದಲೇ ದಡ್ಡರು ಎನ್ನುವ ನಿಯಮವನ್ನು ಆಟದ ಮರೆಯಲ್ಲೂ ಒಪ್ಪಲಾಗದು ಎಂಬ ಮಾತು ಬಲವಾಯಿತು. ಪಾತ್‌ಫೈಂಡರ್ ತನ್ನ ಎರಡನೆಯ ಆವೃತ್ತಿಯಲ್ಲಿ ರೇಸ್ ಪದವನ್ನು ಬಿಟ್ಟು ಪೂರ್ವಜ ಪರಂಪರೆ ಎಂಬರ್ಥದ ಪದವನ್ನು ತಂದಿತು. ಅಲ್ಲಿ ಕುಲದ ಗುಣಗಳು ಒಮ್ಮೆಗೇ ಸಿಗುವುದಿಲ್ಲ. 1, 5, 9, 13 ಮತ್ತು 17ನೇ ಮಟ್ಟಗಳಲ್ಲಿ ಒಂದೊಂದನ್ನು ಆಟಗಾರರೇ ಆರಿಸಿಕೊಳ್ಳುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 2020ರ ಒಂದು ಪೂರಕ ಪುಸ್ತಕದಲ್ಲಿ ಕುಲದ ಅಂಕಗಳನ್ನು ಬೇಕಾದ ಸಾಮರ್ಥ್ಯಕ್ಕೆ ಹಾಕಿಕೊಳ್ಳಲು ಬಿಟ್ಟಿತು. 2024ರ ಕೈಪಿಡಿಯಲ್ಲಿ ರೇಸ್ ಹೋಗಿ ಪ್ರಭೇದ ಎಂಬರ್ಥದ ಪದ ಬಂತು, ಅಂಕಗಳು ಪಾತ್ರ ಬೆಳೆದ ಹಿನ್ನೆಲೆಗೆ ಸೇರಿಕೊಂಡವು. ಎಲ್ಲ ಕುಲಗಳೂ ಒಂದೇ ಥರ ಆಗಿಬಿಟ್ಟವೆಂದು ಬೇಸರಿಸುವವರಿದ್ದಾರೆ. ಅವರ ಬೇಸರದಲ್ಲಿ ಹುರುಳಿಲ್ಲವೆನ್ನಲಾರೆ. ವ್ಯತ್ಯಾಸವೇ ಇಲ್ಲದಿದ್ದರೆ ಆಯ್ಕೆಗೆ ಅರ್ಥವೇನು? ಆದರೆ ವ್ಯತ್ಯಾಸ ಇರಬೇಕಾದದ್ದು ದೇಹದಲ್ಲಿ, ಆಯಸ್ಸಿನಲ್ಲಿ, ಇಂದ್ರಿಯಗಳಲ್ಲಿ. ನೀರಿನೊಳಗೆ ಉಸಿರಾಡುವವನು ನನಗಿಂತ ಬೇರೆ ಎಂದರೆ ಕಥೆ ಹುಟ್ಟುತ್ತದೆ. ಅವನು ನನಗಿಂತ ದಡ್ಡ ಎಂದರೆ ಕಥೆ ಅಲ್ಲಿಗೇ ಮುಗಿಯುತ್ತದೆ.

ಆಯಸ್ಸಿನ ಮಾತು ಬಂದಿತು. 2014ರ ಕೈಪಿಡಿಯ ಪ್ರಕಾರ ಎಲ್ಫ್ 750 ವರ್ಷ ಬದುಕಬಲ್ಲದು, ಡ್ವಾರ್ಫ್ ಸರಾಸರಿ 350. ಅರೆ ಓರ್ಕ್ 75ನ್ನು ದಾಟುವುದು ಅಪರೂಪ. ದಾಳ ಎಸೆಯುವಾಗ ಈ ಸಂಖ್ಯೆಗಳಿಗೆ ಯಾವ ಕೆಲಸವೂ ಇಲ್ಲ. ಪಾತ್ರವನ್ನು ಒಳಗಿನಿಂದ ರೂಪಿಸುವುದಾದರೆ ಇವಕ್ಕಿಂತ ದೊಡ್ಡ ಸಂಗತಿ ಬೇರೊಂದಿಲ್ಲ. ತನ್ನ ಜೊತೆ ಗುಹೆಗಿಳಿದ ಮನುಷ್ಯ ಗೆಳತಿಯ ಮರಿಮೊಮ್ಮಕ್ಕಳನ್ನೂ ನೋಡಲಿರುವ ಎಲ್ಫ್, ಅವಳ ಜೊತೆ ಹೇಗೆ ಮಾತಾಡುತ್ತದೆ? ತನಗೆ ಉಳಿದಿರುವುದು ಕೆಲವೇ ದಶಕ ಎಂದು ತಿಳಿದ ಅರೆ ಓರ್ಕ್, ‘ಮುಂದಿನ ವರ್ಷ ನೋಡೋಣ’ ಎಂಬ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತಾನೆ?

ಮನುಷ್ಯನನ್ನು ಆರಿಸುವುದು ಕಲ್ಪನೆಯ ಬಡತನ ಎಂಬ ಅಭಿಪ್ರಾಯವೊಂದಿದೆ. ನಾನು ಒಪ್ಪುವುದಿಲ್ಲ. ಸುತ್ತ ಶತಮಾನಗಳನ್ನು ಕಂಡವರು, ಕತ್ತಲಲ್ಲಿ ನೋಡುವವರು, ಬೆಂಕಿ ಉಗುಳುವವರು ಇರುವಾಗ ಬರಿಗೈಯ ಮನುಷ್ಯ ಅವರ ನಡುವೆ ನಿಲ್ಲುವುದೇ ಒಂದು ಕಥೆ. ಹೊಸಬರಿಗೆ ಇನ್ನೊಂದು ಅನುಕೂಲವೂ ಇದೆ: ನೆನಪಿಡಬೇಕಾದ ನಿಯಮಗಳು ಕಡಿಮೆ, ಗಮನವೆಲ್ಲ ಕ್ಲಾಸ್ ಕಲಿಯುವುದಕ್ಕೆ ಸಿಗುತ್ತದೆ.

ಒಂದೇ ಕ್ಲಾಸ್‌ ಕುಲದಿಂದ ಕುಲಕ್ಕೆ ಹೇಗೆ ಬದಲಾಗುತ್ತದೆ ಎಂದು ನೋಡಲು ಒಬ್ಬಳು ಕಳ್ಳಿಯನ್ನು ತೆಗೆದುಕೊಳ್ಳೋಣ. ರಾತ್ರಿ, ಶ್ರೀಮಂತನ ಮನೆ, ಮೇಲ್ಮಹಡಿಯಲ್ಲಿ ಪೆಟ್ಟಿಗೆ. ಹಾಫ್ಲಿಂಗ್ ಆದರೆ ಅವಳು ಔತಣಕ್ಕೆ ಬಂದ ಅತಿಥಿಗಳ ಹಿಂದೆಯೇ ಅಡಗುತ್ತ ಅಡಗುತ್ತ ಒಳಗೆ ಹೋಗುತ್ತಾಳೆ. ಟೀಫ್ಲಿಂಗ್ ಆದರೆ ಬಾಗಿಲಲ್ಲೇ ಕಾವಲುಗಾರರ ಕಣ್ಣು ಅವಳ ಮೇಲಿರುತ್ತದೆ. ದೀಪಗಳು ತಾವಾಗಿ ನಡುಗುವಂತೆ ಮಾಡಿ ಆ ಕಣ್ಣುಗಳನ್ನು ಬೇರೆಡೆಗೆ ತಿರುಗಿಸಬೇಕಾಗುತ್ತದೆ. ಅರೆ ಓರ್ಕ್ ಆದರೆ ಹೆದರಿದ ಆಳು ಕೇಳದೆಯೇ ಬೀಗದ ಕೈ ಕೊಟ್ಟುಬಿಡಬಹುದು, ಆದರೆ ಬೆಳಗ್ಗೆ ಆ ಮುಖವನ್ನು ಮರೆಯುವವರು ಯಾರೂ ಇರುವುದಿಲ್ಲ. ಎಲ್ಫ್ ಆದರೆ ಅವಳು ಸದ್ದಿಲ್ಲದೆ ಮೆಟ್ಟಿಲು ಹತ್ತುತ್ತಾಳೆ. ಗೋಡೆಯ ಮೇಲೆ ಈಗಿನ ಯಜಮಾನನ ಮುತ್ತಜ್ಜನ ಚಿತ್ರವಿದೆ. ಆ ಮನುಷ್ಯನನ್ನು ಅವಳು ಬಲ್ಲಳು. ಒಂದು ಕ್ಷಣ ಅಲ್ಲಿ ನಿಲ್ಲುತ್ತಾಳೆ, ಡಂಜನ್ ಮಾಸ್ಟರ್ ಮೇಜಿನ ಆಚೆಯಿಂದ ಕೇಳುತ್ತಾರೆ: ‘ಯಾಕೆ ನಿಂತಳು?’